ಫ್ಯಾನು ಸಣ್ಣ ಮಾಡಿದ ಮೇಲೆ

ಮಣಿಕೊಂಡದ ನಮ್ಮ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಗ್ಯಾಸ್ ಒಲೆಯ ಮೇಲ್ಗಡೆ ಗೋಡೆಯಲ್ಲಿ ಒಂದು ದುಂಡನೆಯ ಕಿಂಡಿ, ಆ ಕಿಂಡಿಯಲ್ಲಿ ಹೊಗೆ ಎಳೆದು ಹೊರಗೆ ಹಾಕುವ ಫ್ಯಾನು. ಅದರಾಚೆ ಡಕ್ಟು. ಎಲ್ಲ ಮನೆಗಳ ಅಡುಗೆಮನೆ, ಬಚ್ಚಲುಗಳ ಬೆನ್ನಿಗೆ ಬಾವಿಯ ಹಾಗೆ ಮೇಲಿಂದ ಕೆಳಕ್ಕೆ ಇಳಿದಿದ್ದ ಇಕ್ಕಟ್ಟಾದ ಗೂಡು ಅದು. ಯಾರ ಮನೆಯಲ್ಲಿ ಯಾವ ಒಗ್ಗರಣೆ, ಯಾರ ಗಂಡನಿಗೆ ಯಾಕೆ ಸಿಟ್ಟು, ಎಲ್ಲವೂ ಡಕ್ಟಿನಲ್ಲಿ ಏರಿ ಬರುತ್ತಿದ್ದವು.

ಅದಕ್ಕೆ ಮೊದಲು ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ನಮ್ಮ ಮನೆಯವರು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ಅಡುಗೆಮನೆಯಲ್ಲಿ ಬೇವಿನ ಮರ ಕಾಣುವಷ್ಟು ದೊಡ್ಡ ಕಿಟಕಿ ಇತ್ತು. ತೆಲುಗು ಸೀಮೆಯ ಆ ದೊಡ್ಡ ನಗರದ ಅಂಚಿನ ಮಣಿಕೊಂಡದಲ್ಲಿ ಆಗ ಮರಕ್ಕಿಂತ ಕ್ರೇನುಗಳೇ ಹೆಚ್ಚು. ಬೆಳಿಗ್ಗೆ ಬೋರ್‌ವೆಲ್ ಕೊರೆಯುವ ಸದ್ದಿಗೇ ಎಚ್ಚರ. ಬಟ್ಟೆ ಹರವಲು ಮಾಳಿಗೆಗೆ ಹೋದರೆ ದೂರದಲ್ಲಿ ಗಾಜಿನ ಆಫೀಸುಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟಂತೆ ನಿಂತಿರುತ್ತಿದ್ದವು. ಅಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಮನೆ ಬೇಕಾಗಿತ್ತು. ಮನೆ ಇದ್ದವರಿಗೆಲ್ಲ ಅವರೇ ಬೇಕಾಗಿದ್ದರು.

ಫ್ಯಾನಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಇದ್ದದ್ದು ಒಂದೇ ಓಟ. ಸ್ವಿಚ್ ಒತ್ತಿದರೆ ಸಾಕು, ಕುಕ್ಕರಿನ ಸೀಟಿಯೂ ಕೇಳಿಸದಂತೆ ಅಬ್ಬರಿಸುತ್ತಿತ್ತು. ಜೋಳದ ರೊಟ್ಟಿಗೆ ಅದು ಶತ್ರು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದರೆ, ಆ ನೀರು ಇಂಗುವ ಮೊದಲೇ ಗಾಳಿಗೆ ಆರಿ ಅಂಚು ಸೀಳುತ್ತಿತ್ತು. ಉರಿ ಒಂದೇ ಕಡೆ ವಾಲಿ, ರೊಟ್ಟಿ ಒಂದು ಗಲ್ಲ ಉಬ್ಬಿ ಇನ್ನೊಂದು ಗಲ್ಲ ಬತ್ತಿದವರ ಮುಖದಂತಾಗುತ್ತಿತ್ತು. ಹಿಟ್ಟಂತೂ ನೇರ ಕಿಂಡಿಗೇ ಹಾರುತ್ತಿತ್ತು. ನನ್ನ ಅತ್ತೆ ಬಾಗಿಲಲ್ಲಿ ನಿಂತು, “ಇದೇನ್ ಫ್ಯಾನೋ ವಿಮಾನೋ? ಜ್ವಾಳದ ಹಿಟ್ಟೆಲ್ಲಾ ಊರಿಗೆ ವಾಪಸ್ ಹೊಂಟೈತಿ ನೋಡು,” ಅನ್ನುತ್ತಿದ್ದರು.

ಹಾಗಂತ ಬಂದ್ ಮಾಡಿದರೆ ಹೊಗೆ, ಸೆಕೆ. ಅದಕ್ಕೇ ಒಂದು ದಿನ ಮನೆಯವರಿಗೆ ಹೇಳಿದೆ: “ಇದನ್ನ ಸ್ವಲ್ಪ ಸಣ್ಣ ಮಾಡಸ್ರಿ.”

ನಮ್ಮ ಕಡೆ ಎಲ್ಲದಕ್ಕೂ ಅದೇ ಮಾತು. ಉರಿ ಸಣ್ಣ ಮಾಡು, ದನಿ ಸಣ್ಣ ಮಾಡು, ಫ್ಯಾನು ಸಣ್ಣ ಮಾಡು. ಸಣ್ಣ ಮಾಡಿದ್ದರಿಂದ ಕೇಡಿಲ್ಲ ಎಂಬುದು ಅಡುಗೆಮನೆಯಲ್ಲಿ ಬೆಳೆದವರ ನಂಬಿಕೆ. ಸಣ್ಣ ಉರಿಗಿಟ್ಟ ಹಾಲು ಉಕ್ಕುವುದಿಲ್ಲ, ಸಣ್ಣ ಉರಿಗಿಟ್ಟ ಬೇಳೆ ಸೀಯುವುದಿಲ್ಲ. ಫ್ಯಾನಿಗೂ ಅದೇ ನ್ಯಾಯವೆಂದು ನಾನು ತಿಳಿದಿದ್ದೆ.

ಮನೆಯವರ ಕಣ್ಣು ಪಡಸಾಲೆಯ ಗೋಡೆಯ ಮೇಲೆ ಹೋಯಿತು. ಮನೆ ಕಟ್ಟಿದವನು ಪಡಸಾಲೆಗೆ ಒಂದು ಗಾಜಿನ ತೂಗುದೀಪ ಹಾಕಿಸಿ, ಅದರ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಗೋಡೆಯಲ್ಲಿ ಒಂದು ತಿರುಗಿಸುವ ಗುಂಡಿ ಕೂರಿಸಿದ್ದ. ಬಂದ ವಾರವೇ ಅತ್ತೆ ಜೇಡರಬಲೆ ತೆಗೆಯಲು ಹೋಗಿ ಕಸಬರಿಗೆಯಿಂದ ದೀಪದ ಗಾಜು ಒಡೆದಿದ್ದರು. ದೀಪ ಹೋಯಿತು, ಗುಂಡಿ ಉಳಿಯಿತು. ಸ್ಟೋರಿನ ಮನುಷ್ಯನಿಗೆ ಸುಮ್ಮನೆ ಕುಳಿತ ಸಾಮಾನು ಕಂಡರೆ ಮೈಯಲ್ಲಿ ನವೆ.

“ಬಲ್ಬ್ ಸಣ್ಣ ಆಕ್ಕಿತ್ತಿಲ್ಲೋ ಇದರಿಂದ? ಫ್ಯಾನೂ ಆಕ್ಕೈತಿ. ಕರೆಂಟ್ ಅಂದ್ರ ಕರೆಂಟ,” ಅಂದರು.

“ಯಾರರ ತಿಳಿದವರನ್ನ ಕರಸಿದ್ರ...”

“ಕಾರ್ಖಾನ್ಯಾಗ ಇಂಥಾ ಗುಂಡಿ ಗೋಣಿಗಟ್ಟಲೆ ಎಣಿಸಿ ಕೊಟ್ಟೀನಿ ನಾ.”

“ಎಣಿಸೋದು ಬ್ಯಾರೆ, ಹಚ್ಚೋದು ಬ್ಯಾರೆರೀ,” ಅಂದೆ. ಅದು ಅವರ ಕಿವಿಗೆ ಬೀಳಲಿಲ್ಲ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂತರು. ಮಧ್ಯಾಹ್ನದ ಊಟದ ಹೊತ್ತಿಗೆ ಗುಂಡಿ ಅಡುಗೆಮನೆಯ ಗೋಡೆಗೆ ಬಂದಿತ್ತು.

ತಿರುಗಿಸಿದೆ. ಫ್ಯಾನು ನಿಜವಾಗಿಯೂ ಸಣ್ಣಗಾಯಿತು. ಅಬ್ಬರ ಹೋಗಿ, ದುಂಬಿ ಡಬ್ಬಿಯೊಳಗೆ ಸಿಕ್ಕಂತೆ ಗುಂಯ್ ಎನ್ನುವ ಸದ್ದೊಂದು ಉಳಿಯಿತು. ರೊಟ್ಟಿ ಎರಡೂ ಗಲ್ಲ ತುಂಬಿ ಉಬ್ಬಿತು. ಮನೆಯವರು ಅಂದು ಒಂದು ರೊಟ್ಟಿ ಹೆಚ್ಚೇ ತಿಂದು, ತಿರುತಿರುಗಿ ಅಡುಗೆಮನೆಗೆ ಬಂದು ಗುಂಡಿ ನೋಡಿ ಹೋದರು.

ವಾಸನೆ ಶುರುವಾದದ್ದು ಆಮೇಲೆ. ಒಂದು ಬೆಳಿಗ್ಗೆ ಅರ್ಧದಷ್ಟು ರೊಟ್ಟಿ ಮುಗಿದಿರಬೇಕು. ಹಸಿ ಹಸಿಯಾದ, ಜಿಡ್ಡುಜಿಡ್ಡಾದ ಒಂದು ನಾತ ಬಂದು ಮೂಗಿನ ಮೂಲೆಯಲ್ಲಿ ಕೂತಿತು. ಹಾಲು ಕೆಟ್ಟಿದೆಯೇ ನೋಡಿದೆ, ಇಲ್ಲ. ಸಿಂಕಿನ ಜಾಲರಿ ತೊಳೆದೆ. ಕಸದ ಬುಟ್ಟಿ ಹೊರಗಿಟ್ಟೆ. ಪೂಜೆ ಮುಗಿಸಿ ಹಸಿ ವಿಭೂತಿಯಲ್ಲೇ ಒಳಗೆ ಬಂದ ಅತ್ತೆ ಗಕ್ಕನೆ ನಿಂತರು.

“ಏ, ಮೀನದ ವಾಸನಿ!”

“ನಿಮಗ ಮೀನದ ವಾಸನಿ ಹೆಂಗ ಗೊತ್ತರೀ?”

“ಯಾಕ ಗೊತ್ತಿಲ್ಲ? ಸಂತ್ಯಾಗ ಮೀನದವರ ಬಾಜೂಕ ಮೂಗ ಮುಚ್ಚಿಕೊಂಡ ಎಷ್ಟ ಸಲ ದಾಟಿಲ್ಲ ನಾವು?”

ಮೂಗು ಮುಚ್ಚಿಕೊಂಡು ಕಲಿತ ವಿದ್ಯೆ. ಆದರೆ ನನ್ನದೂ ಅಷ್ಟೇ ವಿದ್ಯೆ. ನಾನೂ ಮೂಸಿ ನೋಡಿದೆ, ಮೀನೇ ಅನ್ನಿಸಿತು. ನಮ್ಮ ಮನೆಯಲ್ಲಂತೂ ಅದು ಇರಲು ಸಾಧ್ಯವಿಲ್ಲ. ಹಾಗಾದರೆ ಡಕ್ಟು. ಡಕ್ಟು ಎಂದರೆ ಕೆಳಗಿನ ಮನೆ.

ಕೆಳಗೆ ಬಾಡಿಗೆಗಿದ್ದಾಕೆ ನನ್ನ ವಾರಿಗೆಯವಳೇ. ಮೂಲ ಗೋದಾವರಿ ಕಡೆಯವರು. ಅಪ್ಪ ಸಿಂಧನೂರಿನ ಕಾಲುವೆ ಕೆಳಗೆ ಗದ್ದೆ ಹಿಡಿದದ್ದರಿಂದ ಬೆಳೆದದ್ದು ಅಲ್ಲಿಯ ಆಂಧ್ರದವರ ಕ್ಯಾಂಪಿನಲ್ಲಿ. ಗಂಡ ಇರಲಿಲ್ಲ. ಮಗಳು ಆ ಗಾಜಿನ ಆಫೀಸುಗಳಲ್ಲೊಂದಕ್ಕೆ ಹೋಗುತ್ತಿದ್ದಳು. ಲಿಫ್ಟಿನಲ್ಲಿ ನಾನು ಅತ್ತೆಯೊಡನೆ ಮಾತಾಡುವುದು ಕೇಳಿ, “ಏನ್ರೀ, ನಮ್ಮ ರಾಯಚೂರ ಕಡೇರೇನ್ರಿ?” ಎಂದು ಕೈ ಹಿಡಿದಾಕೆ. ಅಂದಿನಿಂದ ನನ್ನ ರೊಟ್ಟಿ ಕೆಳಗೆ, ಅವಳ ಗೊಂಗೂರ ಎಂಬ ಪುಂಡಿಸೊಪ್ಪಿನ ಚಟ್ನಿ ಮೇಲೆ. ಡಬ್ಬಿ ಎಂದೂ ಬರಿದಾಗಿ ತಿರುಗುತ್ತಿರಲಿಲ್ಲ.

ನಮ್ಮ ಕಟ್ಟಡದಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆ. ಗೇಟಿನಲ್ಲಿ ಬೋರ್ಡೇ ಇತ್ತು. ತಾನು ಮೀನು ಮಾಂಸ ತಿನ್ನುವವಳೆಂಬುದನ್ನು ಅವಳು ನನ್ನಿಂದ ಮುಚ್ಚಿಟ್ಟಿರಲಿಲ್ಲ. “ನಾವು ತಿನ್ನೋ ಮಂದಿ ಅಕ್ಕಾ. ಆದ್ರ ಈ ಮನ್ಯಾಗ ಮಾಡಂಗಿಲ್ಲ, ಓನರ್‌ಗೆ ಮಾತ್ ಕೊಟ್ಟೀನಿ. ಬಾಯಿ ಕೇಳಿದ್ರ ನಾಚಾರಂದಾಗ ತಂಗಿ ಮನಿ ಐತಿ, ಅಲ್ಲಿ ಹೋಗಿ ತಿಂದ್ ಬರ್ತೀವಿ.”

ಆ ಮಾತು ಈಗ ನನಗೆ ಬೇರೆ ಥರ ಕೇಳಿಸತೊಡಗಿತು. ಕೇಳದೆಯೇ ಅಷ್ಟೆಲ್ಲ ಯಾಕೆ ಹೇಳಿದಳು? ಡಕ್ಟಿನಲ್ಲಿ ಎಣ್ಣೆಯ ಚುರ್ ಸದ್ದು ಬಂದರೆ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿ ಕೊಟ್ಟೆ. ಮೆಟ್ಟಿಲಲ್ಲಿ ಎದುರಾದರೆ ಮಾತಿಗಿಂತ ಮೊದಲು ಮೂಗು ಕೆಲಸ ಮಾಡಿತು. ಒಂದು ಭಾನುವಾರ ಸಂಜೆ ಅವಳು ನಾಚಾರಂನಿಂದ ಬಂದಾಗ ಕೈಯಲ್ಲೊಂದು ಮುಚ್ಚಿದ ಸ್ಟೀಲಿನ ಡಬ್ಬಿ. ಅದಕ್ಕೆ ಟವೆಲ್ಲು ಬೇರೆ ಸುತ್ತಿತ್ತು. “ಏನ್ ತಂದ್ರಿ?” ಅಂದೆ. “ಏನಿಲ್ಲ ಬಿಡ್ರಿ,” ಎಂದು ನಕ್ಕು ಒಳಗೆ ಹೋದಳು. ಏನಿಲ್ಲದ ಡಬ್ಬಿಗೆ ಟವೆಲ್ಲು ಯಾಕೆ?

ನಾನು ಇಷ್ಟನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅತ್ತೆ ಇಟ್ಟುಕೊಳ್ಳಲಿಲ್ಲ. ಮಾಳಿಗೆಯಲ್ಲಿ ಸಂಡಿಗೆ ಹಾಕುವಾಗ ಅಸೋಸಿಯೇಶನ್ ಸೆಕ್ರೆಟರಿಯ ಹೆಂಡತಿಗೆ ತಮಗೆ ಬರುವಷ್ಟು ತೆಲುಗಿನಲ್ಲಿ ಹೇಳಿಬಿಟ್ಟರು. ಸೆಕ್ರೆಟರಿಯಿಂದ ಅದು ಕೆಳಗಿನ ಮನೆಯ ಓನರ್‌ಗೆ ಮುಟ್ಟಿತು. ನಲ್ಲಿ ಸೋರುತ್ತದೆಂದು ಫೋನ್ ಮಾಡಿದರೆ ತಿಂಗಳಾದರೂ ಬಾರದ ಆ ಮನುಷ್ಯ, ಮರುದಿನ ಬೆಳಿಗ್ಗೆಯೇ ಕಾರಿನಲ್ಲಿ ಇಳಿದ.

ಸೆಕ್ರೆಟರಿಯನ್ನು ಕರೆದುಕೊಂಡು ನೇರ ನಮ್ಮ ಅಡುಗೆಮನೆಗೇ ಬಂದ. ನಾನು ಒಲೆ ಹೊತ್ತಿಸಿ, ಫ್ಯಾನು ಸಣ್ಣಗೆ ಹಾಕಿ, ರೊಟ್ಟಿ ಬಡಿಯತೊಡಗಿದೆ. ಹೇಳಿ ಕರೆಸಿದಂತೆ ವಾಸನೆ ಬಂತು.

“ಚೇಪೇ!” ಎಂದ ಓನರ್. ಮೀನೇ. ಅವನ ಮುಖದಲ್ಲಿ ಸಿಟ್ಟು ಇರಬೇಕಾದಲ್ಲಿ ಒಂದು ಬಗೆಯ ಸಮಾಧಾನ ಇತ್ತು. ನಮಗಿಂತ ಮೇಲಿನ ಮನೆಯನ್ನು ಅದರ ಓನರ್ ಆಗತಾನೇ ನಾಲ್ಕೈದು ಸಾಫ್ಟ್‌ವೇರ್ ಹುಡುಗರಿಗೆ ಕೊಟ್ಟಿದ್ದರು. ಅವರು ಕೇಳಿದಷ್ಟು ಬಾಡಿಗೆಗೆ ಒಪ್ಪಿದ್ದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಓನರ್ ಕೆಳಗಿಳಿದು, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ಅವಳಿಗೆ ಹೇಳಿ ಹೋದ. ಅವಳು ಇಲ್ಲವೆಂದಳಂತೆ, ಅತ್ತಳಂತೆ. ಆ ದಿನಗಳಲ್ಲಿ ಗಂಡಿಲ್ಲದ ಮನೆಗೆ, ಮಗಳ ಆಫೀಸಿನ ಹತ್ತಿರ, ಹಳೇ ಬಾಡಿಗೆಗೆ ಇನ್ನೊಂದು ಮನೆ ಸಿಗುವುದು ಕನಸಿನ ಮಾತು. ಅವಳಿಗೂ ಅದು ಗೊತ್ತಿತ್ತು, ಓನರ್‌ಗೂ ಗೊತ್ತಿತ್ತು.

ನನಗೆ ಈಗ ಇನ್ನೊಂದು ಸಂಶಯ ಹತ್ತಿತು. ಓನರ್ ಹೋದ ಮೇಲೆ ಫ್ಯಾನು ಬಂದ್ ಮಾಡಿದ್ದೆ. ಸ್ವಲ್ಪ ಹೊತ್ತಿಗೆ ವಾಸನೆಯೂ ನಿಂತಿತು. ಈ ಫ್ಯಾನಿನ ಕೆಲಸವೇ ಒಳಗಿನದನ್ನು ಹೊರಗೆ ಹಾಕುವುದು. ವಾಸನೆ ಡಕ್ಟಿನದಾದರೆ, ಫ್ಯಾನು ನಿಂತಾಗ ಅದು ಇನ್ನೂ ಜೋರಾಗಿ ಒಳಗೆ ಬರಬೇಕಲ್ಲ? ಮರುದಿನದಿಂದ ಲಕ್ಷ್ಯಗೊಟ್ಟು ನೋಡಿದೆ. ಬಂದ್ ಇದ್ದಾಗ ಏನೂ ಇಲ್ಲ. ಜೋರಾಗಿ ತಿರುಗಿದರೆ ಇದೆಯೋ ಇಲ್ಲವೋ ಎಂಬಷ್ಟು. ಸಣ್ಣಗಿಟ್ಟು ಒಂದು ಗಳಿಗೆ ಆದರೆ, ಬಂತು ಮೀನು.

ಮನೆಯವರಿಗೆ ಹೇಳಿದೆ. ಅವರ ಹತ್ತಿರ ಉತ್ತರ ಸಿದ್ಧ ಇತ್ತು. “ಸಣ್ಣ ಇದ್ದಾಗ ಅದಕ್ಕ ನೂಕಾಕ ಶಕ್ತಿ ಇರಂಗಿಲ್ಲ. ಕೆಳಗಿನ ಗಾಳಿ ಉಲ್ಟಾ ಒಳಗ ನುಗ್ತೈತಿ. ಅಷ್ಟೂ ತಿಳೀದಿಲ್ಲೇನ್?”

ತಿಳಿಯಿತು ಅನ್ನಿಸಿತು. ಅಷ್ಟೇ ಅಲ್ಲ, ನನ್ನ ತಲೆ ಇನ್ನೂ ಮುಂದೆ ಹೋಯಿತು. ನಮ್ಮ ಫ್ಯಾನಿನ ಗುಂಯ್ ಸದ್ದು ಕೇಳಿದ ಕೂಡಲೇ, ನಮ್ಮ ರೊಟ್ಟಿಯ ಹೊಗೆಯಲ್ಲಿ ಮುಚ್ಚಿಹೋಗಲಿ ಎಂದು ಅವಳು ಆಗಲೇ ಒಲೆಗೆ ಇಡುತ್ತಿರಬಹುದಲ್ಲ? ಸಂಶಯ ಹೊಕ್ಕ ಮನೆಯಲ್ಲಿ ಎದುರಾಳಿಯ ಸಾಕ್ಷಿಯೂ ನಮ್ಮ ಕಡೆಗೇ ಮಾತಾಡುತ್ತದೆ.

ಒಂದೆರಡು ದಿನ ಕಳೆದು, ನಾನು ರೊಟ್ಟಿ ಬಡಿಯುವ ಹೊತ್ತಿಗೇ ಬಾಗಿಲು ದಬದಬ ಸದ್ದು ಮಾಡಿತು. ಅವಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ಸರೀರಿ ಅಕ್ಕಾ. ನಾನು ಮಾಡಿದ ಮೀನು ನಾನೂ ಒಂದ್ಸಲ ಮೂಸ್ತೀನಿ. ಮನಿ ಬಿಡೋಕಿಂತ ಮೊದ್ಲ ಅಷ್ಟರ ಮಾಡ್ಲೋ ಬ್ಯಾಡೋ?”

ನನ್ನನ್ನು ದಾಟಿ ಒಳಗೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೈ ಅಡ್ಡ ಇಟ್ಟರು. “ಒಲಿ ಹತ್ರ ಬರಬ್ಯಾಡವಾ, ಮಡಿ ಐತಿ.”

“ಮಡಿ ಮೀನಿಗಿಲ್ಲೇನ್ರಿ ಅವ್ವಾರ? ಅದು ನನ್ನಕಿಂತ ಮೊದ್ಲ ಬಂದು ಒಳಗ ಕೂತೈತಿ!” ಅತ್ತೆಯ ಕೈ ತಾನಾಗಿ ಇಳಿಯಿತು. “ಹೇಳ್ರಿ, ಯಾವ ಮೀನು? ಕೊರ್ರಮೀನಾ? ಬೊಚ್ಚೆನಾ? ಒಣಮೀನಾ?”

“ನನಗೇನ್ ಗೊತ್ತವಾ ಅವರವರ ಹೆಸರು!”

“ಹೆಸರ ಗೊತ್ತಿಲ್ಲ, ಊರ ಗೊತ್ತಿಲ್ಲ, ಕೇಸ್ ಮಾತ್ರ ಹಾಕೀರಿ!”

ನನಗೆ ನಗು ಬಂದು, ಅದು ನಗುವ ಹೊತ್ತಲ್ಲವೆಂದು ಹಂಚಿನ ಕಡೆ ತಿರುಗಿದೆ. ಫ್ಯಾನು ಸಣ್ಣಗೆ ಗುಂಯ್ ಎನ್ನುತ್ತಿತ್ತು. ವಾಸನೆ ಆಗಲೇ ಬಂದು ಕೂತಿತ್ತು. ಅವಳು ಕಣ್ಣು ಮುಚ್ಚಿ, ಪಲ್ಯದ ಹದ ನೋಡುವವರ ಹಾಗೆ ಮೆಲ್ಲಗೆ ಉಸಿರು ಎಳೆದಳು. ಇನ್ನೊಮ್ಮೆ ಎಳೆದಳು. ಹುಬ್ಬು ಗಂಟಿಕ್ಕಿತು.

“ಇದಿ ಚೇಪ ಕಾದಕ್ಕಾ. ಮೀನ ಅಲ್ಲ ಇದು. ಯಾವ ಹೊಳಿ ಮೀನೂ ಹಿಂಗ ನಾರಂಗಿಲ್ಲ. ಮೀನಂದ್ರ ಅದರಾಗ ನೀರು ಇರ್ತೈತಿ, ಉಪ್ಪು ಇರ್ತೈತಿ, ಹುಣಸೀಹಣ್ಣಿನ ಹುಳಿ ಇರ್ತೈತಿ. ಇದು ಒಣಗಿ ಸುಡಾಕತ್ತೈತಿ. ಮೀನಿಗೆ ಅವಮಾನ ಇದು!”

ಮೂಗು ಮುಂದೆ ಮಾಡಿ ಕಿಂಡಿಯ ಕಡೆ ಹೋದಳು. ಅಲ್ಲಿ ತಲೆ ಆಡಿಸಿದಳು. ಗೋಡೆಗುಂಟ ಬಲಕ್ಕೆ ಸರಿದು, ಗುಂಡಿಯ ಮುಂದೆ ನಿಂತಳು. “ಇಲ್ಲಿ ಕುಂತೈತಿ ನೋಡ್ರಿ ನಿಮ್ಮ ಮೀನು.”

ಅವಳು ಕೈ ಚಾಚಿದ್ದೇ ತಡ, ನಾನು ಅವಳ ರಟ್ಟೆ ಹಿಡಿದು ಎಳೆದೆ. ಅಷ್ಟು ದಿನ ದಿನಾ ಮುಟ್ಟಿ ತಿರುಗಿಸಿದ ಗುಂಡಿ ಅದು. ನಾನು ಅದರ ಮುಖ ನೋಡಿರಲಿಲ್ಲ. ಬಿಳಿ ತಗಡಿನಂತಿದ್ದ ಪ್ಲಾಸ್ಟಿಕ್ ಅರಿಸಿನ ಬಣ್ಣಕ್ಕೆ ತಿರುಗಿತ್ತು. ಗುಂಡಿ ಒಂದು ಕಡೆ ಮೇಣದಂತೆ ಕುಸಿದಿತ್ತು. ಹತ್ತಿರ ಹೋದರೆ ಕೆನ್ನೆಗೆ ಬಿಸಿ ಬಡಿಯುತ್ತಿತ್ತು.

ನಾನು ಕೂಗಿದ ಕೂಗಿಗೆ ಮನೆಯವರು ಅರ್ಧ ಗಡ್ಡ ಹೆರೆದುಕೊಂಡೇ ಬಂದರು. ನೋಡಿದವರು ಹೊರಗೋಡಿ ಮೇನ್ ಸ್ವಿಚ್ ಇಳಿಸಿದರು. ಮನೆ ಒಮ್ಮೆಗೇ ಸ್ತಬ್ಧವಾಯಿತು. ಗುಂಡಿ ತಣ್ಣಗಾದ ಮೇಲೆ ಬಿಚ್ಚಿದಾಗ ಹಿಂದೆ ಎಲ್ಲ ಕಪ್ಪು. ತಂತಿಯ ಮೇಲಿನ ಪದರ ಕರಗಿ ಒಂದಕ್ಕೊಂದು ಅಂಟಿಕೊಳ್ಳುವುದರಲ್ಲಿತ್ತು. ಪಕ್ಕದಲ್ಲೇ ಎಣ್ಣೆ ಡಬ್ಬಿಗಳ ಮರದ ಕಪಾಟು. ಆ ಕಪಾಟಿನ ಬದಿ ಮುಟ್ಟಿ ನೋಡಿದೆ. ಅದೂ ಬೆಚ್ಚಗಿತ್ತು.

ಅವಳು ಯಾರನ್ನೂ ಬಯ್ಯಲಿಲ್ಲ. “ಈಗ ಇದನ್ನ ನಮ್ಮ ಓನರ್‌ಗೆ ಹೇಳೋರು ಯಾರು?” ಎಂದಷ್ಟೇ ಕೇಳಿ, ಉತ್ತರಕ್ಕೆ ನಿಲ್ಲದೆ ಇಳಿದು ಹೋದಳು.

ಮನೆಯವರು ಸುಟ್ಟ ಗುಂಡಿಯನ್ನು ಹಿಡಿದುಕೊಂಡು ಅಂದೇ ಕರೆಂಟಿನ ಸಾಮಾನಿನ ಅಂಗಡಿಗಳಿರುವ ಟ್ರೂಪ್ ಬಜಾರಿಗೆ ಹೊರಟರು. ನಾನೂ ಜೊತೆಗೆ ಹೋದೆ. ಒಬ್ಬರನ್ನೇ ಕಳಿಸಲು ಧೈರ್ಯವಾಗಲಿಲ್ಲ. ಅಂಗಡಿಯಾತ ಅದನ್ನು ತಿರುಗಿಸಿ ನೋಡಿ, “ಬಲ್ಬ್ ಕೀ ಗುಂಡಿ ಫ್ಯಾನ್ ಕು ಕೈಕು ಲಗಾಯೆ ಸಾಬ್?” ಅಂದ. ಬಲ್ಬಿನದು ಫ್ಯಾನಿಗೆ ಯಾಕೆ ಹಾಕಿದಿರಿ ಎಂದು. ಮನೆಯವರು ಸ್ಟೋರಿನ ವಿಷಯ ಎತ್ತಲಿಲ್ಲ. ಆತ ಹೇಳಿದ್ದರ ಸಾರ ಇಷ್ಟು: ದೀಪಕ್ಕೆ ಕರೆಂಟು ಕಡಿಮೆ ಕೊಟ್ಟರೆ ಅದು ಮಬ್ಬಾಗಿ ಸುಮ್ಮನಿರುತ್ತದೆ. ಫ್ಯಾನಿನೊಳಗೆ ಇರುವುದು ಮೋಟಾರು. ಅದಕ್ಕೆ ಈ ಗುಂಡಿಯಿಂದ ಕತ್ತರಿಸಿ ಕತ್ತರಿಸಿ ಕೊಟ್ಟರೆ ಅದು ಗುಂಯ್‌ಗುಟ್ಟುತ್ತ ತಿಣುಕುತ್ತದೆ, ತಾನೂ ಕಾಯುತ್ತದೆ, ಗುಂಡಿಯನ್ನೂ ಕಾಯಿಸುತ್ತದೆ. “ಭೂಕಾ ರಖೇ ತೋ ಮೋಟರ್ ಬೀ ರೋತಾ.” ಹಸಿದಿಟ್ಟರೆ ಮೋಟಾರೂ ಅಳುತ್ತದೆ. ಆ ಗುಂಯ್ ಸದ್ದನ್ನು ನಾನು ದಿನಾ ಕೇಳಿ ಹಿತವಾಗಿದೆ ಅಂದುಕೊಂಡಿದ್ದೆ. ಉರಿಗೆ ಸಣ್ಣ ಎಂದರೆ ತಂಪು. ಫ್ಯಾನಿಗೆ ಸಣ್ಣ ಎಂದರೆ ಹಾಗಲ್ಲ ಎಂದು ತಿಳಿದದ್ದು ಆಗ.

ಅಂಗಡಿಯಾತ ಫ್ಯಾನಿಗೆಂದೇ ಮಾಡಿದ, ಒಂದರಿಂದ ಐದರವರೆಗೆ ಟಕ್ ಟಕ್ ಎಂದು ಒಂದೊಂದೇ ಮನೆ ತಿರುಗುವ ರೆಗ್ಯುಲೇಟರ್ ಕೊಟ್ಟ. ಕೊಡುವ ಮೊದಲು ನಮ್ಮ ಫ್ಯಾನಿನ ಬೆನ್ನಿನ ತಗಡಿನಲ್ಲಿ ಬರೆದದ್ದನ್ನು ಮನೆಗೆ ಫೋನ್ ಮಾಡಿಸಿ ಕೇಳಿದ; ಎಲ್ಲ ಫ್ಯಾನಿಗೂ ಇದು ಒಗ್ಗುವುದಿಲ್ಲವಂತೆ. ಅತ್ತೆ ಸೆಕ್ರೆಟರಿಯನ್ನು ಸ್ಟೂಲ್ ಹತ್ತಿಸಿ ಓದಿಸಿದರು. ಮರುದಿನ ಇಲೆಕ್ಟ್ರಿಶಿಯನ್ ಬಂದು, ಮೇನ್ ಇಳಿಸಿ, ಕಪಾಟಿನಿಂದ ದೂರಕ್ಕೆ ಕಬ್ಬಿಣದ ಡಬ್ಬಿಯಲ್ಲಿ ಅದನ್ನು ಕೂರಿಸಿ, ತಂತಿಗಳ ತಿರುಪನ್ನು ಎಳೆದೆಳೆದು ನೋಡಿದ. ಮೊದಲು ಐದಕ್ಕೆ ಹಾಕಿ ಫ್ಯಾನು ಓಡಿದ ಮೇಲೆ ಇಳಿಸಿರಿ, ರೆಕ್ಕೆ ತಿರುಗದೆ ಬರೀ ಗುಂಯ್ ಅಂದರೆ ತಕ್ಷಣ ಬಂದ್ ಮಾಡಿರಿ ಅಂದ. ನಾನು ಎರಡು ಸಲ ಹೇಳಿಸಿಕೊಂಡೆ. ಆಮೇಲೂ ಬಹಳ ದಿನ ರೊಟ್ಟಿ ಬಡಿಯುತ್ತ ನಡುನಡುವೆ ಎದ್ದು ಅಂಗೈ ಬೆನ್ನನ್ನು ಡಬ್ಬಿಯ ಹತ್ತಿರ ಹಿಡಿದು ನೋಡುತ್ತಿದ್ದೆ.

ಓನರ್‌ಗೆ ಹೇಳುವ ಕೆಲಸ ಉಳಿದಿತ್ತು. ಸೆಕ್ರೆಟರಿಯ ಮನೆಯಲ್ಲಿ ಅವನನ್ನು ಕರೆಸಿದರು. ಮನೆಯವರು ಸುಟ್ಟ ಗುಂಡಿಯನ್ನು ಟೀಪಾಯಿಯ ಮೇಲಿಟ್ಟರು. ಓನರ್ ಮೂಸಿದ. ಅವತ್ತಿನ ಸಮಾಧಾನ ಈಗ ಮುಖದಲ್ಲಿರಲಿಲ್ಲ. “ಇದು ಇದೇ ಇರಬಹುದು. ಆದರೆ ಅವರು ಅದನ್ನೂ ಮಾಡಿಲ್ಲ ಅಂತ ಯಾರು ಹೇಳಬೇಕು?” ಎಂದು ತೆಲುಗಿನಲ್ಲಿ ಅಂದ.

ಅತ್ತೆ ಕುರ್ಚಿಯಿಂದ ಎದ್ದು ನಿಂತರು. “ನಾ ಹೇಳತೀನಿ. ಮೀನ ಅಂತ ಮೊದಲ ಅಂದಾಕಿ ನಾನ. ಅಲ್ಲ ಅಂತ ಹೇಳಾಕಿನೂ ನಾನ. ಮತ್ತ್ಯಾರ ಮೂಗ ಬೇಕ ನಿನಗ?” ಅವನಿಗೆ ಕನ್ನಡ ಬರುತ್ತಿರಲಿಲ್ಲ, ಅರ್ಥ ಮಾತ್ರ ಆಯಿತು. ಸೆಕ್ರೆಟರಿ, ಆ ನೋಟಿಸು ಇನ್ನಿಲ್ಲ ಎಂದು ಎಲ್ಲರೆದುರು ಅವನ ಬಾಯಿಂದಲೇ ಆಡಿಸಿದರು.

ಅವಳ ಮನೆ ಉಳಿಯಿತು. ಆದರೆ ನಾನು ಕಳಿಸಿದ ರೊಟ್ಟಿಯ ಡಬ್ಬಿ ಮರುದಿನ ತೊಳೆದು, ಒರೆಸಿ, ಬರಿದಾಗಿ ಬಂತು. ನಮ್ಮಲ್ಲಿ ಬರೀ ಡಬ್ಬಿ ತಿರುಗಿಸುವುದಿಲ್ಲ, ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಅದು ಅವಳಿಗೂ ಗೊತ್ತು. ನಾನು ಮತ್ತೆ ಕಳಿಸಿದೆ, ಮತ್ತೆ ಬರಿದು. ಅತ್ತೆ ದಿನಾ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚುತ್ತಿದ್ದರು. ಬೇಸಿಗೆ ಕಳೆದು ಗೊಂಗೂರ ಸೊಪ್ಪು ಮಾರುಕಟ್ಟೆಗೆ ಹೊಸದಾಗಿ ಬಂದಾಗ, ಒಂದು ಬೆಳಿಗ್ಗೆ ಡಬ್ಬಿ ಭಾರವಾಗಿತ್ತು. ಅತ್ತೆ ಬೆರಳಲ್ಲಿ ತೆಗೆದು ನೆಕ್ಕಿ, “ಉಪ್ಪ ಸ್ವಲ್ಪ ಮುಂದಾಗೈತಿ,” ಅಂದರು. ಇನ್ನೊಂದು ಬೆರಳು ತೆಗೆದರು.

ಆಮೇಲೊಂದು ಭಾನುವಾರ ಮಧ್ಯಾಹ್ನ. ಊಟವಾಗಿತ್ತು, ಒಲೆ ಒರೆಸಿ ಫ್ಯಾನು ಬಂದ್ ಮಾಡಿದ್ದೆ. ಮನೆಯವರು ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಡಕ್ಟಿನಿಂದ ಒಂದು ವಾಸನೆ ಮೆಲ್ಲಗೆ ಏರಿ ಬಂತು. ನಾನು ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತೆ. ಇದರಲ್ಲಿ ನೀರಿತ್ತು. ಉಪ್ಪಿತ್ತು. ಹುಣಸೇಹಣ್ಣಿನ ಹುಳಿ ಇತ್ತು. ಮನೆಯಲ್ಲೇ ಮಾಡಿದ್ದೋ, ನಾಚಾರಂನ ಟವೆಲ್ಲು ಸುತ್ತಿದ ಡಬ್ಬಿಯದನ್ನು ಬಿಸಿಗಿಟ್ಟದ್ದೋ, ಅಷ್ಟು ಮೂಗು ನನಗಿಲ್ಲ.

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. “ಏ, ಮತ್ತ ಆ ಗುಂಡಿ ಸುಡಾಕತ್ತೈತೇನ್ ನೋಡವಾ.”

ಹೋಗಿ ಅಂಗೈ ಬೆನ್ನು ಹಿಡಿದು ನೋಡಿದೆ. ಕಬ್ಬಿಣದ ಡಬ್ಬಿ ಕೊಡದ ನೀರಿನಷ್ಟು ತಣ್ಣಗಿತ್ತು.

“ಹೂಂನ್ರೀ ಅತ್ತಿ, ಅದ ಇರಬೇಕ ನೋಡ್ರಿ,” ಎಂದು ಸ್ವಿಚ್ ಒತ್ತಿ, ಫ್ಯಾನನ್ನು ಐದಕ್ಕೆ ಹಾಕಿದೆ. ಅದು ಹಳೆಯ ವಿಮಾನದಂತೆ ಅಬ್ಬರಿಸಿತು. ಸಂಜೆಯ ಚಹಾದವರೆಗೂ ನಾನು ಅದನ್ನು ಸಣ್ಣ ಮಾಡಲಿಲ್ಲ.